ಹೊಲದ ಕಳೆ, ಅಂಗಳದ ಹಾಸು

ದಾವಣಗೆರೆ ಸುತ್ತಲಿನ ಎರೆಹೊಲದ ರೈತನಿಗೆ ಗರಿಕೆ ಎಂದರೆ ತಲೆನೋವು. ಬೇಸಿಗೆಯಲ್ಲಿ ಆಳಕ್ಕೆ ಉತ್ತು, ಬೇರು ಆರಿಸಿ, ಬದುವಿಗೆ ಹಾಕಿ ಸುಟ್ಟರೂ ಮೊದಲ ಮಳೆಗೆ ಮತ್ತೆ ತಲೆ ಎತ್ತುತ್ತದೆ. ಅದೇ ರೈತನ ಮಗ ಊರಲ್ಲಿ ಮನೆ ಕಟ್ಟಿಸಿದರೆ ನರ್ಸರಿಯಿಂದ ಚದರಡಿ ಲೆಕ್ಕದಲ್ಲಿ ಹುಲ್ಲು ತರಿಸುತ್ತಾನೆ. ಅಲ್ಲಿ ‘ಬರ್ಮುಡಾ’ ಎಂದು ಮಾರುವುದು ಗಣಪತಿಗೆ ಏರಿಸುವ ಗರಿಕೆಯೇ, ಇಲ್ಲವೇ ಅದರ ಮಿಶ್ರತಳಿ!

ನಮ್ಮ ಬಿಸಿಲಿಗೆ ಇದಕ್ಕಿಂತ ಹೊಂದುವ ಹುಲ್ಲು ಸಿಗುವುದು ಕಷ್ಟ. ಜೋಳ, ಕಬ್ಬುಗಳ ಹಾಗೆ ಗರಿಕೆಯೂ ಸಿ-4 ಸಸ್ಯ. ಎಲೆಯ ರಂಧ್ರಗಳನ್ನು ಅರೆ ಮುಚ್ಚಿಕೊಂಡೇ ಗಾಳಿಯ ಇಂಗಾಲವನ್ನು ಹಿಡಿಯಬಲ್ಲದು. ಹಾಗಾಗಿ ಅಷ್ಟೇ ಬೆಳೆಯಲು ಭತ್ತಕ್ಕಿಂತ ಕಡಿಮೆ ನೀರು ಸಾಕು. ಮಾವಿನ ಮರದ ನೆರಳಲ್ಲಿ ಮಾತ್ರ ಸೊರಗುತ್ತದೆ.

ಹಳದಿಯಾಯಿತೆಂದು ಒಂದು ಏಪ್ರಿಲ್‌ನಲ್ಲಿ ನಾನೂ ಯೂರಿಯಾ ಚೆಲ್ಲಿದ್ದೆ. ಅಲ್ಲಲ್ಲಿ ಹುಲ್ಲು ಸುಟ್ಟಿತು, ಮೂಗಿಗೆ ಘಾಟು ಬಡಿಯಿತು. ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕ ಇದೆ ನಿಜ. ಆದರೆ ಮಣ್ಣಿನ ಯೂರಿಯೇಸ್ ಕಿಣ್ವ ಅದನ್ನು ಅಮೋನಿಯಾ ಮಾಡುತ್ತದೆ. ಎರೆಮಣ್ಣು ಸಾಮಾನ್ಯವಾಗಿ ಕ್ಷಾರೀಯ. ಮೇಲೆ ಬಿಸಿಲು ಬೇರೆ. ಆಗ ಅಮೋನಿಯಾ ಬೇರಿಗಿಳಿಯುವ ಬದಲು ಗಾಳಿಗೆ ಹಾರುತ್ತದೆ. ದುಡ್ಡು ಕೊಟ್ಟು ತಂದ ಗೊಬ್ಬರದ ವಾಸನೆಯನ್ನು ನಾನು ಕುಡಿದೆ, ಹುಲ್ಲಲ್ಲ.

ಆಮೇಲೆ ಕತ್ತರಿಸಿದ ಹುಲ್ಲನ್ನು ಗುಡಿಸಿ ಚೆಲ್ಲುವುದನ್ನೇ ಬಿಟ್ಟೆ. ಪೋಷಣೆ ಸಿಕ್ಕ ಹಾಸಿನ ಒಣಹುಲ್ಲಿನ ತೂಕದಲ್ಲಿ ಶೇ 3ರ ಆಸುಪಾಸು ಸಾರಜನಕವೇ ಇರುತ್ತದೆ. ಸಣ್ಣಗೆ ಕತ್ತರಿಸಿ ಅಲ್ಲೇ ಬಿಟ್ಟರೆ ಸೂಕ್ಷ್ಮಜೀವಿಗಳು, ಎರೆಹುಳುಗಳು ಅದನ್ನು ನಿಧಾನವಾಗಿ ಬೇರಿಗೆ ಮರಳಿಸುತ್ತವೆ. ಸಾಲದಿದ್ದರೆ ಜರಡಿ ಹಿಡಿದ ಎರೆಗೊಬ್ಬರ, ಜೊತೆಗೊಂದಿಷ್ಟು ಹೊಂಗೆ ಹಿಂಡಿ.

ಜೀವಾಮೃತ? ಲೆಕ್ಕ ಹಾಕಿ ನೋಡಿ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, 10 ಲೀಟರ್ ಗಂಜಲ, ಎರಡೆರಡು ಕೆಜಿ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು. ಇಡೀ ಡ್ರಮ್ಮಿನಲ್ಲಿ ಸಾರಜನಕ ಹೆಚ್ಚೆಂದರೆ ಕಾಲು ಕೆಜಿ. ಅದು ಜೀವಾಣುಗಳಿಗೆ ಹೆಪ್ಪು ಹಾಕಿದಂತೆ, ಹೊಟ್ಟೆ ತುಂಬುವ ಊಟವಲ್ಲ. ತಿನ್ನಲು ಕಸಕಡ್ಡಿಯೇ ಇಲ್ಲದ ಬೋಳು ನೆಲಕ್ಕೆ ಸುರಿದರೆ ಹೆಪ್ಪಿದೆ, ಹಾಲೇ ಇಲ್ಲ. ಇನ್ನು ಮಂಡಕ್ಕಿ ಭಟ್ಟಿಯ ಬೂದಿ ಪುಕ್ಕಟೆ ಸಿಗುತ್ತದೆಂದು ಎರೆಮಣ್ಣಿಗೆ ಸುರಿಯಬೇಡಿ. ಮೊದಲೇ ಕ್ಷಾರದ ನೆಲ, ಬೂದಿಯೂ ಕ್ಷಾರ.

ನೀರು ದಿನಾ ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಚದರ ಮೀಟರಿಗೆ 20 ಲೀಟರ್, ಅಂದರೆ 20 ಮಿಲಿಮೀಟರ್ ಮಳೆ ಬಿದ್ದಷ್ಟು, ನಿಧಾನವಾಗಿ ಕೊಡಿ. ಎರೆಮಣ್ಣು ನೀರು ಕುಡಿದು ಊದುತ್ತದೆ, ಬಿರುಕು ಮುಚ್ಚಿಕೊಂಡರೆ ಒಳಗಿಳಿಯುವುದು ತಡ. ಒಮ್ಮೆಲೇ ಪೈಪು ಬಿಟ್ಟರೆ ರಸ್ತೆಗೆ ಹರಿಯುತ್ತದೆ.

ನಿಜವಾದ ಶತ್ರು ಗೊಣ್ಣೆಹುಳು. ಹುಲ್ಲನ್ನು ಎಳೆದರೆ ಚಾಪೆಯಂತೆ ಕಿತ್ತು ಬಂದರೆ ಅದು ಕೆಳಗೆ ಬೇರು ತಿನ್ನುತ್ತಿದೆ ಎಂದೇ ಲೆಕ್ಕ. ಕಳಿಯದ ಕೊಟ್ಟಿಗೆ ಗೊಬ್ಬರದ ಜೊತೆಗೂ ಬರುತ್ತದೆ. ಕಳಿತ ಗೊಬ್ಬರದಲ್ಲಿ ಮೆಟಾರೈಜಿಯಂ ಶಿಲೀಂಧ್ರ ಬೆರೆಸಿ ತೇವವಿದ್ದಾಗ ಹಾಕಿದರೆ ಅದು ಹುಳುವಿನ ಚರ್ಮ ಕೊರೆದು ಒಳಹೊಕ್ಕು ಕೊಲ್ಲುತ್ತದೆ. ಇದರ ತಾಯಿದುಂಬಿಗಳು ಮುಂಗಾರಿನ ಮೊದಲ ಮಳೆಗೆ ಮಣ್ಣಿನಿಂದೆದ್ದು ಹಾರುವುದು ಎಲ್ಲಿಗೆ ಗೊತ್ತೇ? ಕೀಟಕ್ಕೆ ಆಗದು ಎಂದು ನಾವು ನಂಬಿರುವ ಬೇವಿನ ಮರಕ್ಕೆ, ಎಲೆ ಮೇಯಲು. ಆ ಸಂಜೆ ಕೊಂಬೆ ಅಲುಗಾಡಿಸಿದರೆ ಉದುರುತ್ತವೆ. ಕೆಳಗೊಂದು ಹಳೇ ಸೀರೆ ಹಾಸಿ, ಪಕ್ಕದಲ್ಲಿ ಸೋಪುನೀರಿನ ಬಕೆಟ್ ಇಟ್ಟುಕೊಳ್ಳಿ.