ಹಾಡು ನಮ್ಮದು, ಬೀಗದ ಕೈ ಯಾರದ್ದು? ಡಿಜಿಟಲ್ ಸಂಗೀತದ ಫಾರ್ಮ್ಯಾಟ್ ಜಗಳದ ಹಿನ್ನೆಲೆ

ಕೊಡಗಿನಲ್ಲಿ ಜುಲೈ ಮಳೆ ಹಿಡಿದರೆ ಮೊದಲು ಹೋಗೋದು ಕರೆಂಟು. ಮರ ಬಿದ್ದು ಲೈನ್ ತುಂಡಾದರೆ ಭಾಗಮಂಡಲ, ನಾಪೋಕ್ಲು ಕಡೆ ದಿನಗಟ್ಟಲೆ ಕತ್ತಲು. ಟವರ್‌ನ ಬ್ಯಾಟರಿ ಮುಗಿದರೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಆಗ ಫೋನಿಗೆ ಮೊದಲೇ ಇಳಿಸಿಟ್ಟುಕೊಂಡ ಹಾಡುಗಳೇ ಗತಿ. ಆದರೆ ದುಡ್ಡು ಕಟ್ಟಿ ಆ್ಯಪ್‌ನಲ್ಲಿ ಇಳಿಸಿದ ಹಾಡಿಗೂ ಒಂದು ಗಡುವು ಇದೆ. ಸ್ಪಾಟಿಫೈ ತರಹದ ಆ್ಯಪ್ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ಬರಬೇಕು ಅನ್ನುತ್ತದೆ. ಬರದಿದ್ದರೆ ಇಳಿಸಿದ ಹಾಡು ಕೈಗೆ ಸಿಗುವುದಿಲ್ಲ. ಗೋಣಿಕೊಪ್ಪದ ಮೊಬೈಲ್ ಅಂಗಡಿಯಲ್ಲಿ ಎಷ್ಟೋ ವರ್ಷದ ಹಿಂದೆ ಮೆಮೊರಿ ಕಾರ್ಡಿಗೆ ಹಾಕಿಸಿಕೊಂಡ ಎಂಪಿ3 ಹಾಡುಗಳಿಗೆ ಈ ಕಾಟ ಇಲ್ಲ. ಕಾರ್ಡ್ ಸರಿಯಿದ್ದರೆ ಅವು ಇವತ್ತೂ ಕೇಳುತ್ತವೆ.

ದುಡ್ಡು ಕೊಟ್ಟವರಿಗೆ ಗಡುವು, ಸುಮ್ನೆ ತುಂಬಿಸಿಕೊಂಡವರಿಗೆ ಆರಾಮ. ಇದು ಹೇಗಾಯಿತು ಅಂತ ತಿಳಿಯಲು ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಬೇಕು.

ಇಲ್ಲಿ ಎರಡು ಸಂಗತಿಗಳಿವೆ. ಒಂದು ಫಾರ್ಮ್ಯಾಟ್, ಅಂದರೆ ಧ್ವನಿಯನ್ನು ಕುಗ್ಗಿಸಿ ಫೈಲಿನೊಳಗೆ ಇಡುವ ರೀತಿ. ಇನ್ನೊಂದು ಬೀಗ. ಫೈಲನ್ನು ಗುಪ್ತಲಿಪಿಯಲ್ಲಿ ಮುಚ್ಚಿ, ಬೀಗದ ಕೈಯನ್ನು ಕಂಪನಿ ತನ್ನ ಸರ್ವರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಡಿಆರ್‌ಎಂ ಅಂತ ಹೆಸರು. 12 ಬೋರಿನ ತೋಟೆ ಯಾವ ಕಂಪನಿಯದಾದರೂ 12 ಬೋರಿನ ಕೋವಿಗೆ ಹೋಗುತ್ತದೆ. ಅದು ಎಲ್ಲರೂ ಒಪ್ಪಿದ ಅಳತೆ. ಸಂಗೀತದ ಕಂಪನಿಗಳು ಒಬ್ಬೊಬ್ಬರು ಒಂದೊಂದು ಅಳತೆ ಮಾಡಿಕೊಂಡರು. ಬೇರೆಯವರ ಪ್ಲೇಯರ್‌ಗೆ ತಮ್ಮ ಹಾಡು ಹೋಗಬಾರದು ಅನ್ನುವುದೇ ಅವರ ಲೆಕ್ಕವಾಗಿತ್ತು.

ಎಂಪಿ3 ಹುಟ್ಟಿದ್ದು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಎಂಜಿನಿಯರ್‌ಗಳ ಕೆಲಸದಿಂದ. ಫೈಲಿಗೆ ಆ ಹೆಸರು ಸಿಕ್ಕಿದ್ದು 1995ರಲ್ಲಿ. ಇದೂ ಪೂರ್ತಿ ಪುಕ್ಕಟೆ ಆಗಿರಲಿಲ್ಲ. ಪ್ಲೇಯರ್ ಮಾಡುವ ಕಂಪನಿಗಳು ಪೇಟೆಂಟ್‌ಗೆ ದುಡ್ಡು ಕಟ್ಟಬೇಕಿತ್ತು. 2017ರ ಏಪ್ರಿಲ್‌ನಲ್ಲಷ್ಟೇ ಆ ಲೈಸೆನ್ಸ್ ವ್ಯವಹಾರ ಮುಗಿಯಿತು. ಆದರೆ ಎಂಪಿ3ಯಲ್ಲಿ ಬೀಗ ಇರಲಿಲ್ಲ. 1998ರಲ್ಲಿ ಎಂಪಿಮ್ಯಾನ್, ರಿಯೋ ಅನ್ನುವ ಮೊದಲ ಪ್ಲೇಯರ್‌ಗಳು ಬಂದವು. ರಿಯೋದಲ್ಲಿ ಇದ್ದದ್ದು 32 ಎಂಬಿ ಜಾಗ, ಅರ್ಧ ಗಂಟೆಯ ಹಾಡಿಗೆ ಸಾಕಾಗುವಷ್ಟು. ಅಷ್ಟಕ್ಕೇ ಅಮೆರಿಕದ ರೆಕಾರ್ಡಿಂಗ್ ಕಂಪನಿಗಳ ಸಂಘ ಕೋರ್ಟಿಗೆ ಹೋಯಿತು. 1999ರಲ್ಲಿ ಮೇಲಿನ ಕೋರ್ಟು ಪ್ಲೇಯರ್ ಪರವಾಗಿ ತೀರ್ಪು ಕೊಟ್ಟಿತು.

ಕೋರ್ಟಿನಲ್ಲಿ ಸೋತ ಭಯ ಆಮೇಲೆ ಯಂತ್ರದೊಳಗೆ ಸೇರಿತು. ಸೋನಿ ಇದಕ್ಕೆ ಒಳ್ಳೆ ಉದಾಹರಣೆ. ವಾಕ್‌ಮನ್ ಮಾಡಿ ಜಗತ್ತಿಗೇ ಹಾಡು ಹೊತ್ತು ತಿರುಗಲು ಕಲಿಸಿದ ಕಂಪನಿ ಅದು. ಆದರೆ 1988ರಲ್ಲಿ ಅದೇ ಸೋನಿ ದೊಡ್ಡ ರೆಕಾರ್ಡ್ ಕಂಪನಿಯೊಂದನ್ನು ಕೊಂಡಿತ್ತು. ಹಾಗಾಗಿ ಒಂದು ಕೈ ಪ್ಲೇಯರ್ ಮಾರಬೇಕು, ಇನ್ನೊಂದು ಕೈ ಹಾಡು ಕಾಯಬೇಕು. 1999ರಿಂದ ಬಂದ ಅದರ ಮೆಮೊರಿ ವಾಕ್‌ಮನ್‌ಗಳು ಎಂಪಿ3ಯನ್ನು ನೇರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಸೋನಿಯದೇ ಸಾಫ್ಟ್‌ವೇರ್ ಹಾಕಿಕೊಂಡು, ಹಾಡನ್ನು ಸೋನಿಯದೇ ಅಟ್ರಾಕ್ ಫಾರ್ಮ್ಯಾಟಿಗೆ ಬದಲಿಸಿ, ಆಮೇಲೆ ಕಳಿಸಬೇಕು. ಒಂದು ಹಾಡನ್ನು ಪ್ಲೇಯರ್‌ಗೆ ಕಳಿಸಲು ಮೂರು ಸಲದ ಮಿತಿ ಬೇರೆ. ಎಂಪಿ3ಗೆ ನೇರವಾಗಿ ಬಾಗಿಲು ತೆರೆಯುವ ಹೊತ್ತಿಗೆ 2004 ಬಂದಿತ್ತು. ಅಷ್ಟರಲ್ಲಿ ಮಾರುಕಟ್ಟೆ ಕೈಬಿಟ್ಟಿತ್ತು.

ಮೈಕ್ರೋಸಾಫ್ಟ್ ಕಥೆ ಇನ್ನೂ ಬೇಸರದ್ದು. ಅದು ಡಬ್ಲ್ಯುಎಂಎ ಫಾರ್ಮ್ಯಾಟಿಗೆ ಬೀಗ ಹಾಕಿ ಬೇರೆ ಬೇರೆ ಅಂಗಡಿ, ಪ್ಲೇಯರ್ ಕಂಪನಿಗಳಿಗೆ ಕೊಟ್ಟಿತು. 2004ರಲ್ಲಿ ಅದಕ್ಕೆ ‘ಪ್ಲೇಸ್ ಫಾರ್ ಶ್ಯೂರ್’ ಅಂತ ಹೆಸರಿಟ್ಟಿತು, ಖಂಡಿತ ಹಾಡುತ್ತದೆ ಅನ್ನೋ ಭರವಸೆ. 2006ರ ನವೆಂಬರ್‌ನಲ್ಲಿ ತನ್ನದೇ ಪ್ಲೇಯರ್ ಝೂನ್ ತಂದಿತು. ಆ ಗುರುತಿನ ಹಾಡುಗಳು ಝೂನ್‌ನಲ್ಲಿ ಹಾಡಲಿಲ್ಲ! 2008ರಲ್ಲಿ ಇನ್ನೊಂದು ಪೆಟ್ಟು. ಮೈಕ್ರೋಸಾಫ್ಟ್‌ನ ಎಂಎಸ್‌ಎನ್ ಮ್ಯೂಸಿಕ್ ಅಂಗಡಿ ಆಗಲೇ ಮುಚ್ಚಿತ್ತು. ಆಗಸ್ಟ್ 31ರಿಂದ ಬೀಗದ ಸರ್ವರನ್ನೂ ನಿಲ್ಲಿಸುತ್ತೇವೆ ಅಂತ ಗಿರಾಕಿಗಳಿಗೆ ಪತ್ರ ಹೋಯಿತು. ಸರ್ವರ್ ನಿಂತರೆ ಹೊಸ ಕಂಪ್ಯೂಟರಿಗೆ ಹಾಡು ಒಯ್ಯುವ ಹಾಗಿಲ್ಲ. ಜನ ಗಲಾಟೆ ಮಾಡಿದ ಮೇಲೆ 2011ರ ಕೊನೆಯವರೆಗೆ ಗಡುವು ಮುಂದೂಡಿದರು. ಅದೇ 2008ರಲ್ಲಿ ಯಾಹೂ ತನ್ನ ಸಂಗೀತದ ಅಂಗಡಿ ಮುಚ್ಚಿತು, ಸೋನಿಯ ಅಂಗಡಿಯೂ ಮುಚ್ಚಿತು. ಬೀಗದ ಕೈ ಬೇರೆಯವರ ಹತ್ತಿರ ಇದ್ದರೆ ಏನಾಗುತ್ತದೆ ಅಂತ ಜಗತ್ತಿಗೆ ಸರಿಯಾಗಿ ಗೊತ್ತಾದದ್ದು ಆ ವರ್ಷ.

ಆ್ಯಪಲ್ 2003ರ ಏಪ್ರಿಲ್‌ನಲ್ಲಿ ಐಟ್ಯೂನ್ಸ್ ಅಂಗಡಿ ತೆರೆಯಿತು. ಹಾಡೊಂದಕ್ಕೆ 99 ಸೆಂಟ್, ಬೀಗದ ಹೆಸರು ಫೇರ್‌ಪ್ಲೇ. ಹಾಡು ಐಪಾಡ್‌ನಲ್ಲಿ ಬಿಟ್ಟು ಬೇರೆ ಕಂಪನಿಯ ಪ್ಲೇಯರ್‌ನಲ್ಲಿ ಕೇಳುತ್ತಿರಲಿಲ್ಲ. 2004ರಲ್ಲಿ ರಿಯಲ್ ನೆಟ್‌ವರ್ಕ್ಸ್ ಅನ್ನುವ ಇನ್ನೊಂದು ಕಂಪನಿ ತಾನು ಮಾರುವ ಹಾಡುಗಳು ಐಪಾಡ್‌ನಲ್ಲಿ ಕೇಳುವ ಹಾಗೆ ಮಾಡಿತು. ಕೆಲವೇ ತಿಂಗಳಲ್ಲಿ ಆ್ಯಪಲ್ ಐಪಾಡಿನ ಸಾಫ್ಟ್‌ವೇರ್ ಬದಲಿಸಿ ಆ ದಾರಿ ಮುಚ್ಚಿತು. 2007ರ ಫೆಬ್ರವರಿಯಲ್ಲಿ ಆ್ಯಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು, ಬೀಗ ಬೇಡ ಅಂತ ರೆಕಾರ್ಡ್ ಕಂಪನಿಗಳಿಗೇ ಹೇಳಿ ಅಂದರು. ಆ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸುವುದು ಎರಡು ಲೆಕ್ಕ. ಒಂದು ಐಪಾಡಿಗೆ ಸರಾಸರಿ 22 ಹಾಡುಗಳನ್ನು ಮಾತ್ರ ಜನ ಆ ಅಂಗಡಿಯಿಂದ ಕೊಂಡಿದ್ದರು. 2006ರಲ್ಲಿ ಬೀಗ ಹಾಕಿದ ಹಾಡು 200 ಕೋಟಿಗೂ ಕಡಿಮೆ ಮಾರಾಟವಾದರೆ, ಅದೇ ರೆಕಾರ್ಡ್ ಕಂಪನಿಗಳು ಬೀಗವೇ ಇಲ್ಲದ ಸಿಡಿಗಳಲ್ಲಿ 2000 ಕೋಟಿಗೂ ಜಾಸ್ತಿ ಹಾಡು ಮಾರಿದ್ದವು. ಕಳ್ಳರನ್ನು ತಡೆಯಲು ಬೀಗ ಅಂದರು. ಅದೇ ಹಾಡು ಪಕ್ಕದಲ್ಲಿ ಬೀಗವಿಲ್ಲದೆ ಮಾರಾಟಕ್ಕಿತ್ತು! ತೊಂದರೆ ಅನುಭವಿಸಿದವರು ಕೊಂಡವರು ಮಾತ್ರ. 2009ರ ಜನವರಿಯಲ್ಲಿ ಐಟ್ಯೂನ್ಸ್ ಹಾಡುಗಳ ಬೀಗ ತೆಗೆಯುವ ಘೋಷಣೆ ಆಯಿತು.

ಇಷ್ಟೆಲ್ಲ ನಡೆಯುವಾಗ ಕೊಡಗಿನಲ್ಲಿ ಕೂತು ಐಟ್ಯೂನ್ಸ್‌ನಿಂದ ಹಾಡು ಕೊಳ್ಳುವ ಹಾಗೇ ಇರಲಿಲ್ಲ. ಆ ಅಂಗಡಿ ಭಾರತಕ್ಕೆ ಬಂದದ್ದು 2012ರ ಡಿಸೆಂಬರ್‌ನಲ್ಲಿ. ಆದರೆ ತೊಂದರೆ ಮಾತ್ರ ಮೊದಲೇ ಬಂದಿತ್ತು. ದುಬೈಯಿಂದಲೋ ಅಮೆರಿಕದಿಂದಲೋ ರಜೆಗೆ ಬಂದವರು ತಮ್ಮನಿಗೆ, ತಂಗಿಗೆ ಐಪಾಡ್ ತಂದುಕೊಡುತ್ತಿದ್ದರು. ಅದನ್ನು ವಿರಾಜಪೇಟೆಯ ಸೈಬರ್ ಕೆಫೆಯ ಕಂಪ್ಯೂಟರಿಗೆ ಸಿಕ್ಕಿಸಿದರೆ ಐಟ್ಯೂನ್ಸ್ ಬೇಕು. ಐಟ್ಯೂನ್ಸ್ ಇದ್ದರೆ, ಇದು ಬೇರೆ ಕಂಪ್ಯೂಟರಿಗೆ ಸೇರಿದ ಐಪಾಡ್, ಇದರಲ್ಲಿರುವುದನ್ನು ಅಳಿಸಿ ಹೊಸದಾಗಿ ತುಂಬಲೇ ಅಂತ ಕೇಳುತ್ತದೆ. ಹೌದು ಅಂದರೆ ಇದ್ದದ್ದೂ ಹೋಯಿತು. ಇದ್ದ ಹಾಡನ್ನು ಹೊರಗೆ ತೆಗೆಯೋಣ ಅಂದರೆ ಅವು ಬಚ್ಚಿಟ್ಟ ಫೋಲ್ಡರಿನಲ್ಲಿ, ನಾಲ್ಕಕ್ಷರದ ಅರ್ಥವಿಲ್ಲದ ಹೆಸರುಗಳಲ್ಲಿ ಕೂತಿರುತ್ತಿದ್ದವು.

ಅದೇ ಕಾಲದಲ್ಲಿ ಬೆಂಗಳೂರಿನಿಂದ ಜನ ಕಡಿಮೆ ಬೆಲೆಯ ಚೀನಾ ‘ಎಂಪಿ4 ಪ್ಲೇಯರ್’ ತರುತ್ತಿದ್ದರು. ಹೆಸರಿನಲ್ಲಿ ಎಂಪಿ4, ಆದರೆ ಅವುಗಳಲ್ಲಿ ಎಷ್ಟೋ ಪ್ಲೇಯರ್‌ಗೆ ಎಂಪಿ4 ಫೈಲ್ ಓದಲು ಬರುತ್ತಿರಲಿಲ್ಲ. ವಿಡಿಯೊವನ್ನು ಎಎಂವಿ ಅನ್ನುವ ಅವರದೇ ಫಾರ್ಮ್ಯಾಟಿಗೆ ಬದಲಿಸಬೇಕು. ಬದಲಿಸುವ ಸಾಫ್ಟ್‌ವೇರ್ ಡಬ್ಬಿಯೊಳಗಿನ ಸಣ್ಣ ಸಿಡಿಯಲ್ಲಿ. ನಮ್ಮ ಮಳೆಗಾಲದ ತೇವಕ್ಕೆ ಆ ಸಿಡಿಗೆ ಬೂಸ್ಟು ಹಿಡಿದರೆ ಪ್ಲೇಯರ್‌ನ ಅರ್ಧ ಕೆಲಸ ಮುಗಿದ ಹಾಗೆ. ಕನ್ನಡದಲ್ಲಿ ಹೆಸರಿಟ್ಟ ಹಾಡು ಪರದೆ ಮೇಲೆ ಬರೀ ಚೌಕಗಳಾಗಿ ಕಾಣುತ್ತಿತ್ತು. ಎಷ್ಟೋ ಮನೆಗಳಲ್ಲಿ ಕನ್ನಡ ಹಾಡುಗಳಿಗೆ ಇಂಗ್ಲಿಷ್ ಅಕ್ಷರದ ಹೆಸರು ಉಳಿದದ್ದು ಇದರಿಂದಲೇ.

ಹೀಗಾಗಿ ಇಲ್ಲಿ ಗೆದ್ದದ್ದು ಮೆಮೊರಿ ಕಾರ್ಡು. ಅಂಗಡಿಗೆ ಕಾರ್ಡ್ ಕೊಟ್ಟು, ‘ಹಳೆ ಹಾಡು ತುಂಬಿಸಿ ಕೊಡಿ’ ಅಂದರೆ ಆಯಿತು. ಇದರಲ್ಲಿ ಹಾಡಿದವರಿಗೆ, ಬರೆದವರಿಗೆ ಒಂದು ಪೈಸೆಯೂ ಹೋಗಲಿಲ್ಲ. ಅದು ತಪ್ಪೇ. ಆದರೆ ನ್ಯಾಯವಾಗಿ ಕೊಂಡ ಹಾಡು ಅಷ್ಟೇ ಸುಲಭವಾಗಿ ಎಲ್ಲ ಕಡೆ ಕೇಳುವಂತಿದ್ದರೆ ಒಂದಷ್ಟು ಜನ ಕೊಳ್ಳುತ್ತಿದ್ದರು ಅಂತ ನಾನು ನಂಬುತ್ತೇನೆ. ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ ಫ್ಲೈಟ್ ಅನ್ನುವ ಅಂಗಡಿ ತೆರೆದು ಬೀಗವಿಲ್ಲದ ಎಂಪಿ3 ಮಾರಿತು. 2013ರ ಜೂನ್‌ನಲ್ಲಿ ಮುಚ್ಚಿತು. ಅಂಗಡಿ ಹೋದರೂ ಅಲ್ಲಿ ಕೊಂಡು ಇಳಿಸಿಕೊಂಡ ಫೈಲುಗಳು ಇವತ್ತೂ ಹಾಡುತ್ತವೆ. ಎಂಎಸ್‌ಎನ್ ಗಿರಾಕಿಗಳ ಪಾಡನ್ನು ಇದರ ಪಕ್ಕ ಇಟ್ಟು ನೋಡಿ.

ಸಿನಿಮಾ ಹಾಡು ಒಂದು ಕಡೆ ಹೋದರೆ ಇನ್ನೊಂದು ಕಡೆ ಸಿಗುತ್ತದೆ. ನನ್ನ ನಿಜವಾದ ಚಿಂತೆ ನಮ್ಮವರೇ ರೆಕಾರ್ಡ್ ಮಾಡಿದ ಧ್ವನಿಗಳದ್ದು. ಮದುವೆ ಮನೆಯ ವಾಲಗ, ಪುತ್ತರಿಗೆ (ಸುಗ್ಗಿ ಹಬ್ಬಕ್ಕೆ) ದುಡಿ ಅನ್ನುವ ಸಣ್ಣ ಚರ್ಮವಾದ್ಯ ಕೊಟ್ಟಿ ಹಾಡಿದ ಪಾಟ್ (ಹಾಡು), ಅಜ್ಜಿ ಹೇಳಿದ ಕಥೆ. ಇವುಗಳಿಗೆ ಇನ್ನೊಂದು ಪ್ರತಿ ಎಲ್ಲೂ ಇಲ್ಲ.

2000ದ ನಂತರದ ಹತ್ತು ವರ್ಷಗಳಲ್ಲಿ ಈ ರೆಕಾರ್ಡಿಂಗ್‌ಗಳು ಆಯಾ ಕಾಲದ ಯಂತ್ರಗಳಲ್ಲಿ ಸೇರಿದವು. ಸೋನಿಯ ಕೆಲವು ವಾಯ್ಸ್ ರೆಕಾರ್ಡರ್‌ಗಳು ಡಿವಿಎಫ್, ಎಂಎಸ್‌ವಿ ಅನ್ನುವ ಫೈಲ್ ಮಾಡುತ್ತಿದ್ದವು. ಅವನ್ನು ತೆರೆಯಲು ಅದೇ ಕಂಪನಿಯ ಸಾಫ್ಟ್‌ವೇರ್ ಬೇಕಿತ್ತು. ಒಲಿಂಪಸ್ ರೆಕಾರ್ಡರ್‌ಗಳದ್ದು ಡಿಎಸ್‌ಎಸ್. ಸೋನಿಯದೇ ಸಣ್ಣ ಡಿಸ್ಕ್ ಆದ ಮಿನಿಡಿಸ್ಕ್ ಇನ್ನೂ ಕಠಿಣ. 2001ರಲ್ಲಿ ಬಂದ ನೆಟ್ ಎಂಡಿ ಅನ್ನುವ ಮಿನಿಡಿಸ್ಕ್ ಯಂತ್ರಕ್ಕೆ ಯುಎಸ್‌ಬಿ ಇತ್ತು, ಕಂಪ್ಯೂಟರಿನಿಂದ ಹಾಡು ಕಳಿಸಬಹುದಿತ್ತು. ಆದರೆ ನೀವೇ ಮೈಕ್ ಹಿಡಿದು ರೆಕಾರ್ಡ್ ಮಾಡಿದ್ದನ್ನು ಆ ವೈರಿನಲ್ಲಿ ಕಂಪ್ಯೂಟರಿಗೆ ತರಲು ಬಿಡುತ್ತಿರಲಿಲ್ಲ. ನಿಮ್ಮ ಮನೆಯ ಹಬ್ಬದ ಹಾಡು, ನಿಮ್ಮದೇ ಧ್ವನಿ. ರೆಕಾರ್ಡ್ ಕಂಪನಿಯ ಭಯಕ್ಕೆ ಅದೂ ಒಳಗೇ ಉಳಿಯಬೇಕು! ಈ ಇತಿಹಾಸದಲ್ಲಿ ನನಗೆ ಅತಿ ಅನ್ಯಾಯ ಅನ್ನಿಸುವ ಭಾಗ ಇದೇ.

ಹಳೆ ಮೊಬೈಲ್‌ಗಳ ಎಎಂಆರ್ ಫೈಲುಗಳದ್ದು ಬೇರೆ ಸಮಸ್ಯೆ. ಅಲ್ಲಿ ಬೀಗ ಇಲ್ಲ. ಅದು ಫೋನ್ ಮಾತಿಗಾಗಿ ಮಾಡಿದ ಫಾರ್ಮ್ಯಾಟ್. ಸುಮಾರು 200ರಿಂದ 3400 ಹರ್ಟ್ಜ್‌ವರೆಗಿನ ಧ್ವನಿಯನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ. ಮಾತಿಗೆ ಅದು ಸಾಕು. ವಾಲಗಕ್ಕೆ ಸಾಲದು. ಡೋಲಿನ ತಳದ ಗುಡುಗು ಹೋಗುತ್ತದೆ, ಊದುವ ವಾದ್ಯದ ಹೊಳಪೂ ಹೋಗುತ್ತದೆ. ಈಗ ಯಾವ ಸಾಫ್ಟ್‌ವೇರ್ ಹಾಕಿದರೂ ಅದು ವಾಪಸ್ ಬರುವುದಿಲ್ಲ.

1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನು ಸಂಗ್ರಹಿಸಿ ‘ಪಟ್ಟೋಳೆ ಪಳಮೆ’ಯಲ್ಲಿ ಅಚ್ಚು ಹಾಕಿಸಿದರು. ಭಾಷೆ ಕೊಡವ ತಕ್ಕ್, ಲಿಪಿ ಕನ್ನಡ. ನೂರು ವರ್ಷದ ಮೇಲೂ ಕನ್ನಡ ಅಕ್ಷರ ಬಂದವರು ಯಾರು ಬೇಕಾದರೂ ಅದನ್ನು ಓದಬಹುದು. ಅದರ ಮುಂದೆ ಇಪ್ಪತ್ತು ವರ್ಷದ ಹಿಂದಿನ ಡಿವಿಎಫ್ ಫೈಲ್ ತೆರೆಯಲು ನಾವು ಹಳೆ ವಿಂಡೋಸ್ ಕಂಪ್ಯೂಟರ್ ಹುಡುಕಿಕೊಂಡು ಹೋಗಬೇಕಾಗಿದೆ.

ಇಂಥ ಹಳೆ ಫೈಲುಗಳ ಬೀಗ ಬಿಚ್ಚುವುದು ಕಾನೂನಿಗೆ ವಿರುದ್ಧವೇ? ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ 65ಎ ಸೆಕ್ಷನ್ ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು. ಆದರೆ ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಕೆಲಸಕ್ಕೆ ಬೀಗ ತೆಗೆಯಲು ಅದೇ ಸೆಕ್ಷನ್ ಅಡ್ಡಿ ಮಾಡುವುದಿಲ್ಲ. ಬೇರೆಯವರಿಗೆ ಬೀಗ ತೆಗೆಯಲು ನೆರವಾಗುವವರು ಅವರ ಹೆಸರು, ವಿಳಾಸ, ಕಾರಣ ಎಲ್ಲ ಬರೆದಿಡಬೇಕು ಅನ್ನುವ ಷರತ್ತೂ ಇದೆ. ನಮ್ಮ ಕಾನೂನು ಈ ವಿಷಯದಲ್ಲಿ ಅಮೆರಿಕದ್ದಕ್ಕಿಂತ ಮೆತ್ತಗಿದೆ. ಇದು ಒಳ್ಳೆಯದೇ ಅಲ್ವಾ?

ಕೆಲಸದ ವಿಷಯಕ್ಕೆ ಬರೋಣ. ವಿಎಲ್‌ಸಿ ಮತ್ತು ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಸಾಫ್ಟ್‌ವೇರ್‌ಗಳು ಎಎಂಆರ್, ಎಎಂವಿ, ಬೀಗವಿಲ್ಲದ ಅಟ್ರಾಕ್ ಫೈಲುಗಳನ್ನು ಓದುತ್ತವೆ. ಅವು ಸೋತರೆ ಒಂದು ಹಳೆ ದಾರಿ ಇದ್ದೇ ಇದೆ. ಯಂತ್ರದ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್‌ ಇನ್‌ಗೆ ಒಂದು ವೈರ್ ಹಾಕಿ, ಅತ್ತ ಹಾಡಿಸುತ್ತ ಇತ್ತ ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡುವುದು. ಕಿವಿಗೆ ಬರುವ ಧ್ವನಿಗೆ ಯಾರೂ ಬೀಗ ಹಾಕಲಾಗದು. ಒಂದು ಗಂಟೆಯ ಹಾಡಿಗೆ ಒಂದು ಗಂಟೆಯೇ ಬೇಕು, ಅಷ್ಟೇ. ಯಂತ್ರದ ಬ್ಯಾಟರಿ ಸಾಯುವ ಮೊದಲೇ ಇದನ್ನು ಮಾಡಬೇಕು.

ಇನ್ನು ಮುಂದಿನ ಮದುವೆ, ಹಬ್ಬಗಳಿಗೆ ವಿಡಿಯೊ ಮಾಡುವವರ ಹತ್ತಿರ ವಾಲಗದ ಧ್ವನಿಯನ್ನು ಬೇರೆಯಾಗಿ, ಕುಗ್ಗಿಸದ ವೇವ್ ಫೈಲಿನಲ್ಲಿ ಕೇಳಿ ಪಡೆಯಿರಿ. ಸಿಡಿ ಗುಣಮಟ್ಟದಲ್ಲಿ ಗಂಟೆಗೆ 600 ಎಂಬಿ ಚಿಲ್ಲರೆ ಆಗುತ್ತದೆ. ಫ್ಲ್ಯಾಕ್ ಅನ್ನುವ ಫಾರ್ಮ್ಯಾಟಿಗೆ ಬದಲಿಸಿದರೆ ಏನೂ ಕಳೆಯದೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಜೀಪಿನ ಸ್ಟೀರಿಯೊಗೆ ಬೇಕಾದರೆ ಅದರಿಂದ ಒಂದು ಎಂಪಿ3 ಪ್ರತಿ ಮಾಡಿ. ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡುವಾಗ ಫ್ಯಾಟ್ 32 ಅನ್ನುವ ಜೋಡಣೆ ಆರಿಸಿ, ಹಳೆ ಸ್ಟೀರಿಯೊಗಳು ಬೇರೆಯದನ್ನು ಓದದೆ ಹೋಗಬಹುದು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ವಾಯ್ಸ್ ಮೆಸೇಜನ್ನು ಮೂಲ ಪ್ರತಿ ಅಂತ ನಂಬಬೇಡಿ, ಅದು ತುಂಬಾ ಕುಗ್ಗಿಸಿದ್ದು. ಫೈಲಿನ ಜೊತೆ ಒಂದು ಸಾದಾ ಟೆಕ್ಸ್ಟ್ ಫೈಲ್ ಇಟ್ಟು ಯಾವ ಊರು, ಯಾವ ಒಕ್ಕ (ಕುಟುಂಬ), ಯಾವ ಹಬ್ಬ, ಹಾಡಿದವರು ಯಾರು, ದುಡಿ ಹಿಡಿದವರು ಯಾರು ಅಂತ ಯೂನಿಕೋಡ್ ಕನ್ನಡದಲ್ಲಿ ಬರೆಯಿರಿ. ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ.