ಕಲ್ಲಿದ್ದಲು ಬೇಯಿಸಿದ ಬ್ರಿಟನ್

ವೇಲ್ಸ್‌ನ ಅಬರ್ಗವೆನ್ನಿ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಒಂದು ನಾಯಿ ನಿಂತಿದೆ. ಹೆಸರು ವಿಸ್ಕಿ. ಉದ್ದ ಮೈ, ಮೋಟು ಕಾಲು. ಸತ್ತ ಮೇಲೆ ಕೆಡದಂತೆ ಹದ ಮಾಡಿ ನಿಲ್ಲಿಸಿದ್ದಾರೆ. ಇದು ಬೇಟೆ ನಾಯಿಯಲ್ಲ, ಕಾವಲು ನಾಯಿಯೂ ಅಲ್ಲ, ಅಡುಗೆಮನೆಯ ನಾಯಿ. ಗೋಡೆಯಲ್ಲಿ ಎತ್ತರಕ್ಕೆ ಕೂರಿಸಿದ ಚಕ್ರದೊಳಗೆ ಅದು ಗಂಟೆಗಟ್ಟಲೆ ಓಡುತ್ತಿತ್ತು. ಚಕ್ರ ತಿರುಗಿದಂತೆ ಕೆಳಗೆ ಬೆಂಕಿಯ ಮುಂದಿದ್ದ ಕಬ್ಬಿಣದ ಸಲಾಕೆಯೂ, ಸಲಾಕೆಗೆ ಚುಚ್ಚಿದ್ದ ದನದ ಮಾಂಸವೂ ತಿರುಗುತ್ತಿದ್ದವು. ಇಂಗ್ಲಿಷ್ ನಾಯಿಗಳ ಬಗ್ಗೆ 1576ರಲ್ಲಿ ಅಚ್ಚಾದ ಪುಸ್ತಕವೊಂದರಲ್ಲೇ ಈ ಕಸುಬಿನ ನಾಯಿಯ ಪ್ರಸ್ತಾಪವಿದೆ. ಎಂದರೆ ಸುಮಾರು ಮುನ್ನೂರು ವರ್ಷ ಬ್ರಿಟನ್ನಿನ ಶ್ರೀಮಂತರ ಊಟ ನಾಯಿಯ ಕಾಲಬಲದಲ್ಲಿ ಬೆಂದಿದೆ.

ಒಂದು ತುಂಡು ಮಾಂಸಕ್ಕೆ ಇಷ್ಟೆಲ್ಲ ಏಕೆ? ಹಳೆಯ ಇಂಗ್ಲಿಷ್ ರೋಸ್ಟ್ ಬೇಯುತ್ತಿದ್ದುದು ಬೆಂಕಿಯ ಮೇಲಲ್ಲ, ಬೆಂಕಿಯ ಮುಂದೆ. ಕೆಂಡದಿಂದ ಹೊರಟ ಶಾಖದ ಕಿರಣ ನೇರ ಮಾಂಸಕ್ಕೆ ಬಡಿಯುತ್ತದೆ. ಸುತ್ತ ತೆರೆದ ಗಾಳಿ ಇರುವುದರಿಂದ ಮೇಲ್ಮೈಯ ತೇವ ಆರಿಹೋಗುತ್ತದೆ. ತೇವ ಇರುವಷ್ಟು ಹೊತ್ತು ಉಷ್ಣತೆ 100 ಡಿಗ್ರಿ ದಾಟಲಾರದು. ಅದು ಆರಿದ ಮೇಲೆಯೇ 140 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಪ್ರೋಟೀನಿನ ಅಂಶಗಳೂ ಸಕ್ಕರೆಗಳೂ ಕೂಡಿಕೊಂಡು ಕಂದು ಬಣ್ಣವನ್ನೂ ಆ ಬಾಯಲ್ಲಿ ನೀರೂರಿಸುವ ಘಮವನ್ನೂ ಹುಟ್ಟಿಸುತ್ತವೆ. ಇದನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ರಸಾಯನಶಾಸ್ತ್ರಜ್ಞನ ಹೆಸರಿನಿಂದ ಮಯ್ಯಾರ್ ಕ್ರಿಯೆ ಎನ್ನುತ್ತಾರೆ. ಶಾಖ ಒಂದೇ ಕಡೆಯಿಂದ ಬರುವುದರಿಂದ ಮಾಂಸ ತಿರುಗುತ್ತಲೇ ಇರಬೇಕು. ಅದಕ್ಕೇ ನಾಯಿ.

ಈ ನಾಯಿಯಿಂದ ನಾನು ಶುರು ಮಾಡಿದ್ದಕ್ಕೆ ಕಾರಣವಿದೆ. ಬ್ರಿಟಿಷರ ಅಡುಗೆ ಎಂದರೆ ಉಪ್ಪಿಲ್ಲ, ಖಾರವಿಲ್ಲ, ಎಲ್ಲವನ್ನೂ ನೀರಲ್ಲಿ ಬೇಯಿಸಿಡುತ್ತಾರೆ ಎಂಬ ನಗೆಮಾತು ಲೋಕಪ್ರಸಿದ್ಧ. ಅವರ ನಾಲಿಗೆಗೇ ರುಚಿ ಗೊತ್ತಿಲ್ಲ ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ನನ್ನ ಮಟ್ಟಿಗೆ ತಪ್ಪು ನಾಲಿಗೆಯದಕ್ಕಿಂತ ಹೆಚ್ಚಾಗಿ ಒಲೆಯದು.

ರುಚಿ ಗೊತ್ತಿಲ್ಲ ಎನ್ನಲು ಆಧಾರವಂತೂ ಇಲ್ಲ. ಉತ್ತರ ಇಂಗ್ಲೆಂಡಿನ ವಿಂಡೊಲಾಂಡ ಎಂಬ ರೋಮನ್ ಠಾಣ್ಯದ ಮಣ್ಣಿನಲ್ಲಿ ಸುಮಾರು 1,900 ವರ್ಷ ಹಿಂದಿನ ತೆಳು ಮರದ ಹಲಗೆಗಳು ಸಿಕ್ಕಿವೆ. ಅವುಗಳಲ್ಲೊಂದು ಲೆಕ್ಕದ ಪಟ್ಟಿ: ಗ್ಯಾಂಬಾಕ್ಸ್ ಎಂಬಾತನಿಗೆ ಮೆಣಸು, 2 ದಿನಾರಿ. ಆ ಚಳಿಯ ಗಡಿಗೆ ಮೆಣಸು ಹೋಗಿದ್ದು ನಮ್ಮ ಪಶ್ಚಿಮ ಕರಾವಳಿಯಿಂದ. 1390ರ ಸುಮಾರಿಗೆ ಎರಡನೇ ರಿಚರ್ಡ್ ದೊರೆಯ ಬಾಣಸಿಗರು ಬರೆಸಿದ ‘ಫಾರ್ಮ್ ಆಫ್ ಕ್ಯೂರಿ’ಯಲ್ಲಿ ಶುಂಠಿ, ಲವಂಗ, ಚಕ್ಕೆ, ಕೇಸರಿ ಧಾರಾಳವಾಗಿ ಬೀಳುತ್ತವೆ. ಹೆಸರಿನ ‘ಕ್ಯೂರಿ’ಗೂ ನಮ್ಮ ಮಸಾಲೆ ಅಡುಗೆಯ ‘ಕರಿ’ಗೂ ಸಂಬಂಧವಿಲ್ಲ, ಅಡುಗೆ ಎಂಬುದಕ್ಕೆ ಫ್ರೆಂಚ್ ಮೂಲದ ಹಳೆಯ ಪದ ಅದು.

ಇದು ಅರಮನೆಯ ಮಾತಾಯಿತು. ಹಳ್ಳಿಯ ಬಡವನ ಊಟ ಪಾಟೇಜ್. ಬಾರ್ಲಿ, ಓಟ್ಸ್, ಒಣ ಬಟಾಣಿ, ಸೊಪ್ಪು, ಸಿಕ್ಕರೆ ಒಂದು ಚೂರು ಹಂದಿಕೊಬ್ಬು ಹಾಕಿ ಗಂಜಿಗಿಂತ ಗಟ್ಟಿಯಾಗಿ ಕುದಿಸಿದ್ದು. ಅದು ಸೌದೆ ಒಲೆಯ ಅಡುಗೆ. ಕೊಳ್ಳಿ ಎಳೆದರೆ ಉರಿ ತಗ್ಗುತ್ತದೆ, ಕೆಂಡ ಸರಿಸಿದರೆ ಪಾತ್ರೆ ಸಣ್ಣ ಕಾವಿನಲ್ಲಿ ದಿನವಿಡೀ ಕೂರುತ್ತದೆ. ಮುದ್ದೆ ಕೂಡಿಸಿ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ: ಗಟ್ಟಿ ಪದಾರ್ಥಕ್ಕೆ ಉರಿ ಜೋರಾದರೆ ತಳ ಹಿಡಿಯುತ್ತದೆ, ತಳ ಹಿಡಿದರೆ ಪಾತ್ರೆಯಿಡೀ ಸೀದ ವಾಸನೆ.

16ನೇ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿಗೆ ಸೌದೆ ಸಾಲದಾಯಿತು. ಜನ ಹೆಚ್ಚಿದರು, ಸೌದೆ ತುಟ್ಟಿಯಾಯಿತು. ನ್ಯೂಕ್ಯಾಸಲ್‌ನಿಂದ ಹಡಗಿನಲ್ಲಿ ಕಲ್ಲಿದ್ದಲು ಹೇರಳವಾಗಿ ಬರತೊಡಗಿತು. ಸಮುದ್ರದ ದಾರಿಯಲ್ಲಿ ಬರುತ್ತಿದ್ದುದರಿಂದ ಜನ ಅದನ್ನು ‘ಸಮುದ್ರದ ಇದ್ದಲು’ ಎಂದೇ ಕರೆದರು. 1666ರ ಮಹಾಬೆಂಕಿಯಲ್ಲಿ ಸುಟ್ಟ ಸೇಂಟ್ ಪಾಲ್ಸ್ ಕೆಥೆಡ್ರಲ್ಲನ್ನು ಮತ್ತೆ ಕಟ್ಟಲು ಲಂಡನ್ನಿಗೆ ಬರುವ ಕಲ್ಲಿದ್ದಲಿನ ಮೇಲೆಯೇ ತೆರಿಗೆ ಹಾಕಿದರು. ಅಷ್ಟು ಖರ್ಚಾಗುತ್ತಿತ್ತು ಅದು.

ಕಲ್ಲಿದ್ದಲಿನ ಸ್ವಭಾವವೇ ಬೇರೆ. ಸೌದೆ ನೆಲದ ಮೇಲೆಯೇ ಉರಿಯುತ್ತದೆ. ಇದಕ್ಕೆ ಅಡಿಯಿಂದ ಗಾಳಿ ಬೇಕು, ಆದ್ದರಿಂದ ಕಬ್ಬಿಣದ ಜಾಲರಿ ಬೇಕು. ಗಂಧಕದ ಹೊಗೆ ಕಣ್ಣು ಮೂಗು ಉರಿಸುತ್ತದೆ, ಆದ್ದರಿಂದ ಚಿಮಣಿ ಬೇಕು. ಒಮ್ಮೆ ಹೊತ್ತಿಕೊಂಡರೆ ಕೊಳ್ಳಿ ಎಳೆದಷ್ಟು ಸುಲಭವಾಗಿ ಇದರ ಉರಿ ತಗ್ಗಿಸಲಾಗದು. ಅಂಥ ಬೆಂಕಿಯ ಮೇಲೆ ಪಾಟೇಜ್ ಇಟ್ಟರೆ ಏನಾದೀತು? ಎರಡೂ ಬಗೆಯ ಒಲೆ ಹೂಡಿ, ಅಡುಗೆ ಮಾಡಿ ನೋಡಿದ ಇತಿಹಾಸಕಾರರೂ ಇದನ್ನೇ ಹೇಳುತ್ತಾರೆ: ಗಟ್ಟಿ ಅಡುಗೆ ಸೀದುಹೋಗುತ್ತದೆ. ಆದರೆ ನೀರು ಮಾತ್ರ ಕಲ್ಲಿದ್ದಲಿಗೆ ಜಗ್ಗುವುದಿಲ್ಲ. ಅಡಿಯಲ್ಲಿ ಎಂಥ ಉರಿ ಇದ್ದರೂ ಕುದಿವ ನೀರು 100 ಡಿಗ್ರಿಯ ಗೆರೆ ದಾಟದು. ಹೆಚ್ಚಿನ ಶಾಖವೆಲ್ಲ ಆವಿಯಾಗಿ ಹೋಗುತ್ತದೆ. ಹೀಗೆ ಇಂಗ್ಲೆಂಡಿನ ಗೃಹಿಣಿ ನೀರಿನ ಆಸರೆಗೆ ಹೋದಳು. ಮಾಂಸ, ಗೆಡ್ಡೆ, ಕೋಸು ಎಲ್ಲವೂ ದೊಡ್ಡ ಹಂಡೆಯಲ್ಲಿ ಕುದಿಯತೊಡಗಿದವು. ಅಡುಗೆ ಸೀಯಲಿಲ್ಲ, ನಿಜ. ಆದರೆ 100 ಡಿಗ್ರಿಯಲ್ಲಿ ನಿಂತದ್ದು 140ರ ಕಂದು ರುಚಿಯನ್ನು ಎಂದೂ ಕಾಣದು.

ಈ ನೀರಿನ ಅಡುಗೆಯ ಅತ್ಯುತ್ತಮ ಫಲ ಎಂದರೆ ಪುಡಿಂಗ್. ಮೊದಲು ಅದನ್ನು ಪ್ರಾಣಿಯ ಕರುಳಿಗೆ ತುಂಬಿ ಬೇಯಿಸುತ್ತಿದ್ದರು. ಪ್ರಾಣಿ ಕೊಯ್ದ ದಿನ ಮಾತ್ರ ಸಾಧ್ಯ. 17ನೇ ಶತಮಾನದಲ್ಲಿ ಬಟ್ಟೆ ಬಂತು. ಹಿಟ್ಟು, ಒಣದ್ರಾಕ್ಷಿ, ದನದ ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬು ಕಲಸಿ, ಬಟ್ಟೆಯಲ್ಲಿ ಕಟ್ಟಿ ಹಂಡೆಗೆ ಇಳಿಬಿಟ್ಟರೆ ಮುಗಿಯಿತು. ಕೆಲಸದ ಹೆಂಗಸು ಅದರ ಕಡೆ ತಿರುಗಿ ನೋಡಬೇಕಿಲ್ಲ. ಈ ಕೊಬ್ಬು ಬೆಣ್ಣೆಯಷ್ಟು ಬೇಗ ಕರಗುವುದಿಲ್ಲ. ಅದು ಕರಗುವ ಹೊತ್ತಿಗೆ ಸುತ್ತಲಿನ ಹಿಟ್ಟು ಗಟ್ಟಿಯಾಗತೊಡಗಿರುತ್ತದೆ. ಕೊಬ್ಬು ಇದ್ದಲ್ಲಿ ಸಣ್ಣ ಸಣ್ಣ ಪೊಳ್ಳು ಉಳಿದು ಪುಡಿಂಗ್ ಹಗುರಾಗುತ್ತದೆ. ನಮ್ಮ ಕಡುಬಿನ ದೂರದ ನೆಂಟ ಎನ್ನಬಹುದೇನೋ.

ಹಂಡೆಯ ಕತೆಯೂ ದೊಡ್ಡದೇ. ಏಬ್ರಹಾಂ ಡಾರ್ಬಿ ಎಂಬಾತ 1707ರಲ್ಲಿ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಅಡುಗೆ ಪಾತ್ರೆ ಎರಕ ಹೊಯ್ಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಹಿತ್ತಾಳೆಗಿಂತ ಅಗ್ಗ. ಎರಡು ವರ್ಷಕ್ಕೆ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಮರದ ಇದ್ದಲಿನ ಬದಲು ಕಲ್ಲಿದ್ದಲಿನಿಂದ ಮಾಡಿದ ಕೋಕ್ ಬಳಸಿ ಕಬ್ಬಿಣ ಕರಗಿಸಿದ. ಕೈಗಾರಿಕಾ ಕ್ರಾಂತಿಯ ಪಾಠದಲ್ಲಿ ಈ ಇಸವಿಯನ್ನು ಬಾಯಿಪಾಠ ಮಾಡಿಸುತ್ತಾರೆ. ಅವನ ವ್ಯಾಪಾರ ಅನ್ನದ ಪಾತ್ರೆಯದು ಎನ್ನುವುದನ್ನು ಯಾರೂ ಹೇಳುವುದಿಲ್ಲ.

‘ಕರಿ’ಯ ಪಾಕವಿಧಾನ ಅಚ್ಚಿನಲ್ಲಿ ಬಂದದ್ದೂ ಈ ಒಲೆಯ ಕಾಲದಲ್ಲೇ. 1747ರಲ್ಲಿ ಹ್ಯಾನಾ ಗ್ಲಾಸ್ ತನ್ನ ಅಡುಗೆ ಪುಸ್ತಕದಲ್ಲಿ ‘ಇಂಡಿಯಾದ ರೀತಿಯ ಕರಿ’ ಬರೆದಳು: ಮಸಾಲೆ ಎಂದರೆ ಮೆಣಸು ಮತ್ತು ಕೊತ್ತಂಬರಿ ಬೀಜ, ಅಷ್ಟೇ. ಕೊತ್ತಂಬರಿಯನ್ನು ಹುರಿಯಲು ಆಕೆ ಹೇಳಿದ್ದು ಬಾಣಲೆಯಲ್ಲಲ್ಲ, ತೊಳೆದ ಸಲಿಕೆಯಲ್ಲಿ! 1810ರಲ್ಲಿ ಪಾಟ್ನಾ ಮೂಲದ ದೀನ್ ಮಹಮ್ಮದ್ ಲಂಡನ್ನಿನಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆರೆದು, ಕರಿಯ ಜೊತೆ ಹುಕ್ಕಾವನ್ನೂ ಕೊಟ್ಟ. 1812ರ ಹೊತ್ತಿಗೆ ದಿವಾಳಿಯಾದ.

ಅಷ್ಟರಲ್ಲಿ ನಾಯಿಯ ಕೆಲಸಕ್ಕೂ ಕುತ್ತು ಬಂದಿತ್ತು. ತೆರೆದ ಬೆಂಕಿಯ ಶಾಖದಲ್ಲಿ ಬಹುಪಾಲು ಚಿಮಣಿಗೇ ಹೋಗುತ್ತದೆ ಎಂದು ಕಂಡ ವಿಜ್ಞಾನಿ ಕೌಂಟ್ ರಮ್‌ಫರ್ಡ್ 1790ರ ದಶಕದಲ್ಲಿ ಮುಚ್ಚಿದ ಒಲೆಗಳನ್ನು ರೂಪಿಸಿದ. 19ನೇ ಶತಮಾನದಲ್ಲಿ ಎರಕದ ಕಬ್ಬಿಣದ ದೊಡ್ಡ ಒಲೆಗಳು, ಆಮೇಲೆ ಗ್ಯಾಸ್ ಒಲೆಗಳು ಬಂದವು. ಮಾಂಸ ಬೆಂಕಿಯ ಮುಂದಿನಿಂದ ಓವನ್ ಒಳಗೆ ಹೋಯಿತು. ಅಲ್ಲಿ ಅದರದೇ ಆವಿ ಸುತ್ತ ಕವಿಯುತ್ತದೆ. ಕೆಂಪಾಗುತ್ತದೆ, ಆದರೆ ಹಳೆಯ ಗರಿಗರಿ ಸಿಪ್ಪೆ ಬರುವುದಿಲ್ಲ. ಕಟ್ಟುನಿಟ್ಟಾಗಿ ಹೇಳಿದರೆ ಇಂದಿನ ಭಾನುವಾರದ ರೋಸ್ಟ್ ರೋಸ್ಟೇ ಅಲ್ಲ, ಬೇಕ್ ಮಾಡಿದ ಮಾಂಸ.

ಬ್ರಿಟಿಷ್ ಊಟಕ್ಕೆ ಅಂಟಿದ ಅಪಕೀರ್ತಿಯಲ್ಲಿ ಯುದ್ಧದ ಪಾಲೂ ದೊಡ್ಡದು. 1940ರ ಜನವರಿ 8ರಿಂದ 1954ರ ಜುಲೈ 4ರವರೆಗೆ ಪಡಿತರ. ವಾರಕ್ಕೆ ಒಬ್ಬರಿಗೆ ಸಾಮಾನ್ಯವಾಗಿ ಒಂದು ಮೊಟ್ಟೆ, ಎರಡು ಔನ್ಸ್ ಚಹಾ. ಅಮೆರಿಕದ ಸೈನಿಕರು ಬಂದು ತಿಂದು ನಕ್ಕದ್ದು ಈ ಊಟವನ್ನು. ಆದರೆ ಅದರ ಹಿಂದಿನ ವಿಜ್ಞಾನ ನಗುವಂಥದ್ದಲ್ಲ. ಕೇಂಬ್ರಿಜ್‌ನ ಆಹಾರ ವಿಜ್ಞಾನಿಗಳಾದ ಎಲ್ಸಿ ವಿಡೋಸನ್ ಮತ್ತು ರಾಬರ್ಟ್ ಮೆಕ್ಯಾನ್ಸ್ ತಿಂಗಳುಗಟ್ಟಲೆ ತಾವೇ ಅಂಥ ಕಡಿಮೆ ಊಟ ಉಂಡು, ಬಳಿಕ ಚಳಿಗಾಲದಲ್ಲಿ ಲೇಕ್ ಡಿಸ್ಟ್ರಿಕ್ಟ್‌ನ ಗುಡ್ಡ ಹತ್ತಿ ಇಳಿದು ತಮ್ಮ ದೇಹವನ್ನೇ ಪರೀಕ್ಷೆಗೆ ಒಡ್ಡಿದರು. ಶಕ್ತಿ ಕುಂದಲಿಲ್ಲ, ಕೊರತೆಯಾದದ್ದು ಕ್ಯಾಲ್ಸಿಯಂ. ಹಿಟ್ಟಿನ ತೌಡಿನಲ್ಲಿರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಗೊಡುವುದಿಲ್ಲ. ಹಿಟ್ಟಿಗೆ ಸೀಮೆಸುಣ್ಣ ಸೇರಿಸಿ ಎಂದರು. ಇಂದಿಗೂ ಅಲ್ಲಿನ ಬಿಳಿ ಹಿಟ್ಟಿಗೆ ಕಾನೂನಿನ ಪ್ರಕಾರ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸುತ್ತಾರೆ.

ಕಲ್ಲಿದ್ದಲು ಮನೆ ಬಿಟ್ಟಿದ್ದು 1952ರ ಡಿಸೆಂಬರಿನಲ್ಲಿ ಲಂಡನ್ನಿನ ಹೊಗೆಮಂಜು ಸಾವಿರಾರು ಜನರನ್ನು ಕೊಂದ ಮೇಲೆ, 1956ರ ಶುದ್ಧಗಾಳಿ ಕಾಯ್ದೆ ಬಂದ ಮೇಲೆ. ಅದೇ ಕಾಲದಲ್ಲಿ ಊರೂರಿಗೆ ‘ಇಂಡಿಯನ್’ ಹೋಟೆಲುಗಳು ಏಳುತ್ತಿದ್ದವು. ಅವುಗಳಲ್ಲಿ ಬಹುಪಾಲಿನ ಮಾಲೀಕರು ಇಂದಿನ ಬಾಂಗ್ಲಾದೇಶದ ಸಿಲ್ಹೆಟ್ ಸೀಮೆಯವರು. ಸಿಲ್ಹೆಟ್ಟಿನ ಗಂಡಸರು ತಲೆಮಾರುಗಳಿಂದ ಬ್ರಿಟಿಷ್ ಉಗಿ ಹಡಗುಗಳ ಹೊಟ್ಟೆಯಲ್ಲಿ ನಿಂತು ಕುಲುಮೆಗೆ ಕಲ್ಲಿದ್ದಲು ಎಸೆಯುತ್ತಿದ್ದ ಲಸ್ಕರರು. ಬಂದರಿನಲ್ಲಿ ಹಡಗು ಬಿಟ್ಟು ಇಳಿದವರು ಮೊದಲು ಬೇರೆಯವರ ಹೋಟೆಲಿನಲ್ಲಿ ಪಾತ್ರೆ ತೊಳೆದರು, ಆಮೇಲೆ ತಮ್ಮದೇ ಹೋಟೆಲು ಇಟ್ಟರು. 1960ರ ದಶಕದಲ್ಲಿ ಲಂಡನ್ನಿನ ಹೋಟೆಲುಗಳಿಗೆ ತಂದೂರ್ ಬಂತು. ಮಣ್ಣಿನ ಗುಡಾಣ, ತಳದಲ್ಲಿ ಕೆಂಡ, ಸಲಾಕೆಗೆ ಚುಚ್ಚಿದ ಮಾಂಸ. 2001ರಲ್ಲಿ ವಿದೇಶಾಂಗ ಸಚಿವ ರಾಬಿನ್ ಕುಕ್ ಚಿಕನ್ ಟಿಕ್ಕಾ ಮಸಾಲವೇ ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ತಿನಿಸು ಎಂದಾಗ ಪತ್ರಿಕೆಗಳು ಮಸಾಲೆಯ ಬಗ್ಗೆ ಬರೆದವು, ವಲಸೆಯ ಬಗ್ಗೆ ಬರೆದವು. ಒಲೆಯ ಬಗ್ಗೆಯೂ ಬರೆಯಬಹುದಿತ್ತು. ವಿಸ್ಕಿ ಓಡಿ ಓಡಿ ಹುಟ್ಟಿಸುತ್ತಿದ್ದ ಆ ಕಂದು ಮೇಲ್ಮೈ, ಕೆಂಡದ ನೇರ ಕಾವಿನ ರುಚಿ ಬ್ರಿಟಿಷರ ತಟ್ಟೆಗೆ ಮರಳಿತ್ತು. ಈ ಸಲ ತಿರುಗಿಸಲು ನಾಯಿ ಬೇಕಾಗಲಿಲ್ಲ. ತಂದೂರಿನ ಗೋಡೆ ಸುತ್ತಲಿಂದಲೂ ಶಾಖ ಸೂಸುತ್ತಿತ್ತು.