ಯಾವ ವಯಸ್ಸಿನ ಮಗುವಿಗೆ ಎಷ್ಟು ಜಿಮ್ನಾಸ್ಟಿಕ್ಸ್? ಪಾಠಾಭ್ಯಾಸಕ್ಕೆ ಹೋಗುವವರಿಗೊಂದು ಟಿಪ್ಪಣಿ

ಹಾಸನದ ಸುತ್ತಮುತ್ತಲ ಶಾಲೆಗಳಿಗೆ ಪಾಠಾಭ್ಯಾಸಕ್ಕೆ, ಅಂದರೆ ಪಾಠ ಮಾಡಿ ಕಲಿಯಲು, ಹೊರಟಿರುವ ಬಿ.ಪಿ.ಎಡ್. (ದೈಹಿಕ ಶಿಕ್ಷಣ ಪದವಿ) ಗೆಳೆಯರಿಗಾಗಿ ಇದನ್ನು ಬರೆದಿದ್ದೇನೆ. ನಮ್ಮ ನೋಟ್ಸ್‌ನಲ್ಲಿ ಒಂದು ಪಟ್ಟಿ ಇರುತ್ತದೆ. ಎಡಗಡೆ ವಯಸ್ಸು, ಬಲಗಡೆ ಕಲಿಸಬೇಕಾದ ಕೌಶಲ. ಪರೀಕ್ಷೆಗೆ ಅಷ್ಟು ಸಾಕು, ಮೈದಾನಕ್ಕೆ ಸಾಲದು. ಮಗುವಿನ ಕಲಿಕೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುವುದಿಲ್ಲ. 11ರಿಂದ 14ರ ನಡುವೆ ಎಲ್ಲೋ ಒಂದು ಕಡೆ ಹಿಂದಕ್ಕೂ ಬರುತ್ತದೆ. ಅದು ತಿಳಿಯದ ಮೇಷ್ಟ್ರು ಮಗುವನ್ನೇ ಬೈಯುತ್ತಾರೆ. ಹಾಗಾಗಿ ಉಳಿದ ವಯಸ್ಸುಗಳನ್ನು ಬೇಗ ಮುಗಿಸಿ ಅಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಚಿಕ್ಕವರು

5 ವರ್ಷದ ಒಳಗಿನವರಿಗೆ ಜಿಮ್ನಾಸ್ಟಿಕ್ಸ್ ಅಂತ ಬೇರೆ ಪಾಠ ಬೇಡ. ಓಡಲಿ, ಕುಪ್ಪಳಿಸಲಿ, ಕಂಬಿ ಹಿಡಿದು ಜೋತಾಡಲಿ. ಒಂದು ವಿಷಯ ಮಾತ್ರ ಗಮನಿಸಿ. ಅಂಗನವಾಡಿ ವಯಸ್ಸಿನ ಮಗುವಿಗೆ ಎರಡೂ ಕೈ ಮೇಲೆತ್ತಲು ಹೇಳಿ ನೋಡಿ. ಬೆರಳ ತುದಿ ನೆತ್ತಿಯಿಂದ ಸ್ವಲ್ಪವೇ ಮೇಲಿರುತ್ತದೆ, ಯಾಕೆಂದರೆ ತಲೆ ದೊಡ್ಡದು, ಕೈ ಗಿಡ್ಡ. ಇಂಥ ಮಗು ಮುಂದಕ್ಕೆ ಲಾಗ ಹಾಕಿದರೆ ಭಾರ ಕೈಗೆ ಬದಲು ತಲೆ, ಕತ್ತಿನ ಮೇಲೆ ಬೀಳುತ್ತದೆ. ಅದಕ್ಕೇ ಮೊದಲು ಕೈ ಚಾಚಿ ಮಲಗಿ ಪಕ್ಕಕ್ಕೆ ಉರುಳುವುದು. ಮುಂದಕ್ಕೆ ಉರುಳುವುದು ಆಮೇಲೆ, ಅದೂ ಇಳಿಜಾರಿನ ಮ್ಯಾಟ್ ಮೇಲೆ, ಗಲ್ಲ ಎದೆಗೆ ಒತ್ತಿಕೊಂಡು.

5ರಿಂದ 7ರವರೆಗೆ ಎರಡು ಪಾಠ ಮುಖ್ಯ. ಮೊದಲನೆಯದು ಮೈಯ ಆಕಾರ. ಮುದುಡಿ ಕೂರುವುದು, ಕಾಲು ಅಗಲಿಸಿ ಕೂರುವುದು, ಕಾಲು ನೀಡಿ ಮುಂದಕ್ಕೆ ಬಾಗುವುದು, ಮತ್ತೆ 'ಹಾಲೋ' ಅನ್ನುವ ಭಂಗಿ. ಹಾಲೋ ಅಂದರೆ ಅಂಗಾತ ಮಲಗಿ, ಸೊಂಟ ನೆಲಕ್ಕೆ ಒತ್ತಿ, ಭುಜ ಮತ್ತು ಕಾಲನ್ನು ಸ್ವಲ್ಪ ಎತ್ತಿ ಹಿಡಿಯುವುದು. ಬಿಸಿಲಿಗೆ ಬಿದ್ದ ಅಡಿಕೆ ಹಾಳೆ ಒಣಗಿ ಎರಡೂ ತುದಿ ಮೇಲೆದ್ದಿರುತ್ತದಲ್ಲ, ಹಾಗೆ. ನಮ್ಮ ಕಡೆ ಮಕ್ಕಳಿಗೆ ಹೀಗೆ ಹೇಳಿದರೆ ಒಂದೇ ಸಲಕ್ಕೆ ಅರ್ಥವಾಗುತ್ತದೆ.

ಎರಡನೆಯದು ನೆಲಕ್ಕೆ ಇಳಿಯುವುದು. ಬೆಂಚಿನಿಂದ ಜಿಗಿದು, ಮಂಡಿ ಬಗ್ಗಿಸಿ, ಕೈ ಮುಂದೆ ಚಾಚಿ, ಎರಡು ಎಣಿಸುವವರೆಗೆ ಅಲ್ಲಾಡದೆ ನಿಲ್ಲಬೇಕು. ಬೀಳುವುದನ್ನೂ ಕಲಿಸಬೇಕು. ಚಾಚಿದ ಕೈ ಊರಿಕೊಂಡು ಬಿದ್ದು, ಮೊಣಕೈಗೆ ಸ್ವಲ್ಪ ಮೇಲೆ ಮೂಳೆ ಮುರಿದುಕೊಳ್ಳುವವರು ಹೆಚ್ಚಾಗಿ ಈ ವಯಸ್ಸಿನ ಮಕ್ಕಳೇ.

ಒಕ್ಕಣೆ ಮುಗಿದ ಮೇಲೆ ಹುಲ್ಲಿನ ಮೆದೆಯಿಂದ ಲಾಗ ಹಾಕಿ ಬೆಳೆದ ಮಕ್ಕಳು ಹಳ್ಳಿ ಶಾಲೆಗಳಲ್ಲಿ ಸಿಗುತ್ತಾರೆ. ಅವರಿಗೆ ಭಯ ಅನ್ನೋದೇ ಇರುವುದಿಲ್ಲ. ಆದರೆ ಹುಲ್ಲಿನ ಮೇಲೆ ಹೇಗೆ ಬಿದ್ದರೂ ನಡೆಯುತ್ತದೆ, ಹಾಗಾಗಿ ಅಂಡು ಊರಿಯೇ ಇಳಿದು ರೂಢಿ. ಶಾಲೆಯ ತೆಂಗಿನ ನಾರಿನ ಮ್ಯಾಟ್ ಅಷ್ಟು ಮೆತ್ತಗಿರುವುದಿಲ್ಲ. ಅವರಿಗೂ ಬೆಂಚಿನಿಂದಲೇ ಶುರು ಮಾಡಿ.

8ರಿಂದ 10: ಕಲಿಯುವ ಕಾಲ

ಈ ಮೂರು ವರ್ಷ ಬಂಗಾರದಂಥವು. ಮೈ ಹಗುರ, ತೂಕಕ್ಕೆ ತಕ್ಕ ಬಲ ಇರುತ್ತದೆ, ಹೇಳಿದ್ದು ತಲೆಗೆ ಹೋಗುತ್ತದೆ. ಕೈ ಮೇಲೆ ತಲೆಕೆಳಗಾಗಿ ನಿಲ್ಲುವ ಹ್ಯಾಂಡ್‌ಸ್ಟ್ಯಾಂಡ್, ಚಕ್ರದ ಹಾಗೆ ಪಕ್ಕಕ್ಕೆ ತಿರುಗುವ ಕಾರ್ಟ್‌ವೀಲ್, ಚಕ್ರಾಸನದಿಂದ ಕಾಲೆತ್ತಿ ದಾಟುವ ವಾಕೋವರ್, ಎಲ್ಲ ಈಗಲೇ.

ಹ್ಯಾಂಡ್‌ಸ್ಟ್ಯಾಂಡ್ ಕಲಿಸುವಾಗ ಬಹಳ ಜನ ಗೋಡೆ ಕಡೆಗೆ ಕಾಲು ಎಸೆಯಲು ಹೇಳುತ್ತಾರೆ. ಆಗ ಬೆನ್ನು ಗೋಡೆ ಕಡೆ ಇರುತ್ತದೆ, ಸೊಂಟ ಬಾಗುತ್ತದೆ, ಆ ಬಾಗು ಮುಂದೆ ಬಿಡಿಸಲು ವರ್ಷ ಬೇಕು. ಬದಲಿಗೆ ಹೊಟ್ಟೆ ಗೋಡೆ ಕಡೆ ಇರಲಿ. ಕೈ ಊರಿ, ಕಾಲನ್ನು ಗೋಡೆ ಮೇಲೆ ಒಂದೊಂದೇ ಹೆಜ್ಜೆ ಏರಿಸಿ, ಕೈಯನ್ನು ಗೋಡೆ ಹತ್ತಿರ ತರಲಿ. ನೆಲದ ಮೇಲೆ ಅರ್ಧ ನಿಮಿಷ ಹಾಲೋ ಹಿಡಿಯಲು ಬರುವ ಮಗುವಿಗೆ ಇದು ತಾನಾಗಿ ಒದಗುತ್ತದೆ. ಕಾರ್ಟ್‌ವೀಲ್‌ಗೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಸಾಕು: ಕೈ, ಕೈ, ಕಾಲು, ಕಾಲು, ನಾಲ್ಕೂ ಗೆರೆ ಮೇಲೆ ಬೀಳಬೇಕು.

ಮಳೆಗಾಲದಲ್ಲಿ, ಅದರಲ್ಲೂ ಚಿಕ್ಕಮಗಳೂರು ಕಡೆ ಪಾಠ ಸಿಕ್ಕಿದವರಿಗೆ ಮೈದಾನ ಸಿಗುವುದು ಕಷ್ಟ. ಆಗ ಜಗಲಿಯಲ್ಲಿ ಹಾಲೋ, ಗೋಡೆ ಹ್ಯಾಂಡ್‌ಸ್ಟ್ಯಾಂಡ್, ಬೆನ್ನು ಕಾಲು ಸಡಿಲಿಸುವುದು ಮಾಡಿಸಿ. ಸಿಮೆಂಟ್ ನೆಲದ ಮೇಲೆ ಲಾಗ ಮಾತ್ರ ಬೇಡವೇ ಬೇಡ. ಹಿಂದಕ್ಕೆ ಹಾರಿ, ಕೈ ಊರಿ, ಮತ್ತೆ ಕಾಲ ಮೇಲೆ ಇಳಿಯುವ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಅಂತೂ ಪಳಗಿದ ಕೋಚ್ ಪಕ್ಕದಲ್ಲಿ ನಿಂತು ಆಸರೆ ಕೊಡುವ ಕಡೆಗೇ ಸೇರಿದ್ದು. ವಿಡಿಯೋ ನೋಡಿ ನಾವು ಕಲಿಸಬಾರದು.

ಕಲಿಕೆ ಹಿಂದೆ ಬರುವ ವಯಸ್ಸು

ಏಳನೇ ಕ್ಲಾಸಿನ ಹುಡುಗಿಯೊಬ್ಬಳ ತಾಯಿ ಶಾಲೆ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದ್ದರು. "ಹೋದ ವರ್ಷ ಎಷ್ಟು ಚೆಂದ ಲಾಗ ಹಾಕ್ತಿದ್ಲು ಸಾರ್. ಈಗ ಸೋಮಾರಿ ಆಗಿದ್ದಾಳೆ. ಮೊಬೈಲ್ ಬಿಡಿಸ್ಲಾ?"

"ಅವಳಿಗೆ ಚಪ್ಪಲಿ ಯಾವಾಗ ತಗೊಂಡ್ರಿ ಅಕ್ಕಾ?" ಅಂದೆ.

"ಅಯ್ಯೋ, ಅದೊಂದು ಗೋಳು. ಯುಗಾದಿಗೆ ತಂದಿದ್ದು ಗಣಪತಿ ಹಬ್ಬಕ್ಕೆ ಹಿಡಿಸ್ಲಿಲ್ಲ."

ಉತ್ತರ ಅಲ್ಲೇ ಇತ್ತು. ದಿಢೀರ್ ಬೆಳವಣಿಗೆ ಶುರುವಾದಾಗ ಮೊದಲು ಬೆಳೆಯುವುದು ಪಾದ ಮತ್ತು ಅಂಗೈ, ಆಮೇಲೆ ಕಾಲು, ಕೊನೆಗೆ ಮುಂಡ. ಅದಕ್ಕೆ ಮುಂಚೆ ವರ್ಷಕ್ಕೆ 5-6 ಸೆಂ.ಮೀ. ಬೆಳೆಯುತ್ತಿದ್ದ ಮಗು ಆಗ 8 ಅಥವಾ 9 ಸೆಂ.ಮೀ. ಬೆಳೆಯುತ್ತದೆ. ಹುಡುಗಿಯರಲ್ಲಿ ಇದು ಹೆಚ್ಚಾಗಿ 11-12ರ ಹೊತ್ತಿಗೆ, ಹುಡುಗರಲ್ಲಿ ಸುಮಾರು ಎರಡು ವರ್ಷ ತಡ. ಏಳನೇ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ಹುಡುಗಿಯರೇ ಎತ್ತರ ಕಾಣುವುದು ಇದಕ್ಕೇ.

ಎತ್ತರವಾದರೆ ಲಾಗ ಯಾಕೆ ಕೆಡಬೇಕು? ಲೆಕ್ಕ ನೋಡಿ. 140 ಸೆಂ.ಮೀ. ಇದ್ದ ಹುಡುಗಿ 150 ಆದಳು ಅಂತಿಟ್ಟುಕೊಳ್ಳಿ. ಎತ್ತರ ಶೇ. 7ರಷ್ಟು ಏರಿತು. ಮೈಯೆಲ್ಲ ಅದೇ ಅಳತೆಯಲ್ಲಿ ಬೆಳೆದಿದ್ದರೆ ಸ್ನಾಯುವಿನ ಬಲ ಎತ್ತರದ ವರ್ಗದಂತೆ ಏರುತ್ತದೆ, ಸುಮಾರು ಶೇ. 15. ತೂಕ ಘನದಂತೆ ಏರುತ್ತದೆ, ಶೇ. 23. ಗಾಳಿಯಲ್ಲಿ ಮೈಯನ್ನು ತಿರುಗಿಸಲು ಅಡ್ಡ ಬರುವ ಜಡತ್ವ ಐದನೇ ಘಾತದಂತೆ ಏರುತ್ತದೆ, ಶೇ. 41. ಬಲ ಬಂದದ್ದು 15, ತಿರುಗಿಸಬೇಕಾದ ಹೊರೆ ಹೆಚ್ಚಿದ್ದು 41. ಇದರಲ್ಲಿ ಸೋಮಾರಿತನ ಎಲ್ಲಿ ಬಂತು? ಅಷ್ಟೇ ಅಲ್ಲ, ಕೈ ಎಲ್ಲಿ ಊರಬೇಕು, ಕಾಲು ಎಲ್ಲಿ ಬೀಳುತ್ತದೆ ಅನ್ನುವ ಹಳೇ ಅಂದಾಜೂ ತಪ್ಪುತ್ತದೆ. ನಿನ್ನೆ ಬರುತ್ತಿದ್ದ, ಹಿಂದಕ್ಕೆ ಹಾಕುವ ಲಾಗಕ್ಕೆ ಇವತ್ತು ಹೆದರುವುದು ಈ ವಯಸ್ಸಿನಲ್ಲಿ ಮಾಮೂಲಿ. ಗದರಿಸಿ ಹಾಕಿಸಬೇಡಿ. ಒಂದು ಹಂತ ಕೆಳಗಿಳಿದು, ಇಳಿಜಾರಿನ ಮ್ಯಾಟ್, ಆಸರೆ ಕೊಟ್ಟು ಮತ್ತೆ ಕಟ್ಟುತ್ತಾ ಬನ್ನಿ.

ನೋವಿನ ಬಗ್ಗೆ ಇನ್ನೂ ಎಚ್ಚರ ಬೇಕು. ಬೆಳೆಯುವ ಮೂಳೆಯ ತುದಿಯಲ್ಲಿ ಮೃದುವಾದ ಪಟ್ಟಿ ಇರುತ್ತದೆ, ಬೆಳವಣಿಗೆ ನಡೆಯುವುದು ಅಲ್ಲೇ. ಸುತ್ತಲಿನ ಮೂಳೆಗಿಂತ ಅದು ದುರ್ಬಲ. ಜಿಮ್ನಾಸ್ಟಿಕ್ಸ್‌ನಲ್ಲಿ ಮೈಭಾರ ಮಣಿಕಟ್ಟಿನ ಮೇಲೆ ಬೀಳುವುದರಿಂದ ಹೆಬ್ಬೆರಳ ಕಡೆಯ ಮೂಳೆಯ ಪಟ್ಟಿ ಏಟು ತಿನ್ನುತ್ತದೆ. ಅಂಗೈ ಊರಿದಾಗ ಮಣಿಕಟ್ಟು ನೋಯುತ್ತದೆ ಅಂತ ಮಗು ಹೇಳಿದರೆ 'ಉಳುಕಿರಬೇಕು, ಎಣ್ಣೆ ತಿಕ್ಕು' ಅನ್ನಬೇಡಿ. ಕೈ ಊರುವ ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸಲು ಹೇಳಿ. ಹಿಮ್ಮಡಿ, ಮಂಡಿಯ ಕೆಳಗಿನ ಗುಬುಟು, ಹಿಂದಕ್ಕೆ ಬಾಗಿದಾಗ ಸೊಂಟ, ಇವು ನೋಯುತ್ತವೆ ಅಂದರೂ ಹೀಗೇ ಎಚ್ಚರ ಬೇಕು. ಸೊಂಟದ ನೋವು ವಾರಗಟ್ಟಲೆ ಉಳಿದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು.

ಊಟ ಕಡಿಮೆ ಮಾಡು ಅಂತ ಈ ವಯಸ್ಸಿನ ಹುಡುಗಿಗೆ ಯಾರೂ ಹೇಳಬಾರದು. ಎಲ್ಲರೆದುರು ತೂಕ ನೋಡುವುದೂ ಬೇಡ. 15 ತುಂಬಿದರೂ ಮುಟ್ಟಾಗಿಲ್ಲ ಅಂದರೆ ಮನೆಯವರು ಡಾಕ್ಟರನ್ನು ಕಾಣಬೇಕು. ಇದನ್ನು ಶಿಕ್ಷಕಿಯರ ಮೂಲಕ ಹೇಳಿಸಿದರೆ ಒಳ್ಳೆಯದು.

'ತಡವಾಯ್ತಾ?' ಅನ್ನುವ ಪ್ರಶ್ನೆ

ಮಗುವಿಗೆ 10 ಆಯಿತು, ಇನ್ನು ಶುರು ಮಾಡಿ ಪ್ರಯೋಜನ ಇದೆಯಾ ಅಂತ ಕೇಳುವವರು ಸಿಕ್ಕೇ ಸಿಗುತ್ತಾರೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ ನಾದಿಯಾ ಕೊಮನೆಚಿ ಪೂರ್ತಿ 10 ಅಂಕ ಪಡೆದಾಗ ಆಕೆಗೆ 14. ಆ ಚಿತ್ರ ಇನ್ನೂ ಜನರ ತಲೆಯಲ್ಲಿದೆ. ಆದರೆ ಮಹಿಳೆಯರ ಅಂತರರಾಷ್ಟ್ರೀಯ ಹಿರಿಯರ ವಿಭಾಗಕ್ಕೆ ಕನಿಷ್ಠ ವಯಸ್ಸನ್ನು 1981ರಲ್ಲಿ 15ಕ್ಕೆ, 1997ರಲ್ಲಿ 16ಕ್ಕೆ ಏರಿಸಿದರು. ಪುರುಷರಿಗೆ ಈಗ 18. ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ 46ನೇ ವಯಸ್ಸಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವಾಲ್ಟ್ (ಓಡಿ ಬಂದು ಮೇಜಿನಂಥ ಸಾಧನದ ಮೇಲೆ ಕೈ ಊರಿ ಹಾರುವ ಸ್ಪರ್ಧೆ) ಹಾರಿದರು. ಅಗರ್ತಲಾದ ದೀಪಾ ಕರ್ಮಾಕರ್‌ದು ಚಪ್ಪಟೆ ಪಾದ. ಆರರ ಸುಮಾರಿಗೆ ಶುರು ಮಾಡಿ, 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್‌ನಲ್ಲಿ ನಾಲ್ಕನೇ ಸ್ಥಾನ ಪಡೆದರು. 2024ರಲ್ಲಿ 30ರ ಹೊತ್ತಿಗೆ ಏಷ್ಯನ್ ಚಾಂಪಿಯನ್‌ಶಿಪ್ ಚಿನ್ನ ಗೆದ್ದರು.

10ಕ್ಕೆ ಶುರು ಮಾಡಿದ ಮಗು ಒಲಿಂಪಿಕ್ಸ್‌ಗೆ ಹೋಗುವುದು ಕಷ್ಟ, ಸುಳ್ಳು ಭರವಸೆ ಬೇಡ. ಆದರೆ ಚೆಂದದ ಕಾರ್ಟ್‌ವೀಲ್, ಹ್ಯಾಂಡ್‌ಸ್ಟ್ಯಾಂಡ್ ಖಂಡಿತ ಬರುತ್ತದೆ. ಅವರಿಗೂ 5-7ರ ಪಾಠದಿಂದಲೇ ಶುರು ಮಾಡಬೇಕು, ವೇಗವಾಗಿ ಮುಗಿಯುತ್ತದೆ ಅಷ್ಟೆ.

ಪಾಠ ಯೋಜನೆ ಬರೆಯುವಾಗ ವಯಸ್ಸಿನ ಪಕ್ಕ ಇನ್ನೊಂದು ಕಾಲಂ ಎಳೆದುಕೊಳ್ಳಿ: ಎತ್ತರ ಮತ್ತು ಅಳೆದ ತಾರೀಖು. ಮೂರು ತಿಂಗಳಿಗೊಮ್ಮೆ ಅದೇ ಗೋಡೆ, ಬರಿಗಾಲು, ಬೆಳಗ್ಗೆ ಹೊತ್ತು. ಹಿಂದಿನ ಅಳತೆಗಿಂತ 2 ಸೆಂ.ಮೀ. ಅಥವಾ ಅದಕ್ಕೂ ಹೆಚ್ಚು ಏರಿದವರ ಹೆಸರಿನ ಮುಂದೆ ಗುರುತು ಹಾಕಿ, ಅವರಿಗೆ ಆ ಅವಧಿಯಲ್ಲಿ ಜಿಗಿತ ಮತ್ತು ಕೈ ಊರುವ ಸಲಗಳನ್ನು ಕಡಿಮೆ ಮಾಡಿ.